ಯಾವ ಡ್ರಗ್ ಅನ್ನೋದಕ್ಕಿಂತ ಹೇಗೆ ನಿಲ್ಸೋದು ಅನ್ನೋದು

ಎಲ್ರಿಗೂ ನಮಸ್ಕಾರ. ಡ್ರಗ್ಸ್ ಅಂದ ತಕ್ಷಣ ನಮ್ಮ ತಲೇಲಿ ಬರೋದು ಬಿಳಿ ಪುಡಿ, ಸಿರಿಂಜು, ಪೊಲೀಸು. ಎಣ್ಣೆ, ಸಿಗರೇಟು ನೆನಪಿಗೇ ಬರಲ್ಲ, ಬಂದ್ರೂ "ಅದೇನ್ ಬಿಡಿ ಸಾರ್" ಅಂತ ಪಕ್ಕಕ್ಕೆ ಸರಿಸ್ತೀವಿ. ಆದ್ರೆ ಮಿದುಳಿಗೆ ಯಾವುದಕ್ಕೆ ಲೈಸೆನ್ಸ್ ಇದೆ ಯಾವುದಕ್ಕಿಲ್ಲ ಅಂತ ಗೊತ್ತಾಗಲ್ವಲ್ಲ.

ವಿಧಗಳನ್ನ ಬೇಗ ಹೇಳಿಬಿಡ್ತೀನಿ. ಮಿದುಳನ್ನ ನಿಧಾನ ಮಾಡೋವು ಒಂದು ಗುಂಪು, ಆಲ್ಕೋಹಾಲ್ ಮತ್ತೆ ಅಲ್ಪ್ರಾಝೊಲಾಮ್ ಥರದ ನಿದ್ದೆ ಮಾತ್ರೆಗಳು. ಓಡಿಸೋವು ಇನ್ನೊಂದು, ಕೊಕೇನ್, ಆಂಫೆಟಮೈನ್, ನಿಕೋಟಿನ್. ಆಮೇಲೆ ಅಫೀಮಿನ ಬಳಗ, ಅಂದ್ರೆ ಮಾರ್ಫಿನ್, ಹೆರಾಯಿನ್, ಫೆಂಟನಿಲ್. ಈ ಹೆರಾಯಿನ್ ಇದ್ಯಲ್ಲ, ಇದನ್ನ 1898ರಲ್ಲಿ ಬೇಯರ್ ಕಂಪನಿ ಕೆಮ್ಮಿನ ಔಷಧಿ ಅಂತ ಮಾರ್ತಿತ್ತು! ಇನ್ನು ಗಾಂಜಾ, ಇಲ್ಲದ್ದನ್ನ ಕಾಣಿಸೋ ಎಲ್‌ಎಸ್‌ಡಿ, ಮಕ್ಕಳು ಬಟ್ಟೇಲಿ ಹಾಕಿ ಮೂಸೋ ಥಿನ್ನರ್, ವೈಟ್ನರ್, ಇವೆಲ್ಲ ಬೇರೆ ಬೇರೆ ಥರ ಕೆಲಸ ಮಾಡ್ತವೆ.

ತಗೊಂಡೋರೆಲ್ಲ ರೋಗಿಗಳಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 (ಮನೋವೈದ್ಯರು ಕಾಯಿಲೆ ಗುರುತಿಸೋಕೆ ಬಳಸೋ ಅಮೆರಿಕದ ಕೈಪಿಡಿ) ಪ್ರಕಾರ ಚಟದ ಕಾಯಿಲೆಗೆ 11 ಲಕ್ಷಣ ಇವೆ, 12 ತಿಂಗಳ ಒಳಗೆ ಅದ್ರಲ್ಲಿ 2 ಕಂಡ್ರೂ ಕಾಯಿಲೆ ಶುರುವಾಗಿದೆ ಅಂತ, 6 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ತೀವ್ರ. ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ತಗೊಳೋದು, ಬಿಡ್ಬೇಕು ಅಂತ ಪದೇ ಪದೇ ಟ್ರೈ ಮಾಡಿ ಸೋಲೋದು, ಕೆಲಸ ಮನೆ ಎಲ್ಲ ಕೆಡ್ತಿದ್ರೂ ಮುಂದುವರ್ಸೋದು, ಹೀಗೆ. ಎಷ್ಟು ಕುಡೀತಾನೆ ಅನ್ನೋ ಲೆಕ್ಕ ಆ ಪಟ್ಟೀಲಿ ಇಲ್ಲವೇ ಇಲ್ಲ, ಗಮನಿಸಿ.

ನಾನು ಇವತ್ತು ಮುಖ್ಯವಾಗಿ ಹೇಳೋಕೆ ಬಂದಿರೋದು ನಿಲ್ಸೋದರ ಬಗ್ಗೆ, ಯಾಕಂದ್ರೆ ಮನೆಯವರು ಎಡವೋದೇ ಅಲ್ಲಿ. ದಿನಾ ಕುಡಿಯೋ ಮನುಷ್ಯ ಬೆಳಗ್ಗೆ ನೀರಿನ ಲೋಟ ಎರಡೂ ಕೈಲಿ ಹಿಡ್ಕೊಂಡ್ರೂ ನೀರು ತುಳುಕುತ್ತೆ, ಒಂದು ಪೆಗ್ ಒಳಗೆ ಹೋದ ಮೇಲೆ ಅದೇ ಕೈ ಸುಮ್ಮನಾಗುತ್ತೆ. ನೋಡೋರಿಗೆ ಅದು ಕೊಬ್ಬು ಅನ್ಸುತ್ತೆ. ಆಗಿರೋದೇನು ಅಂದ್ರೆ, ವರ್ಷಗಟ್ಟಲೆ ಆಲ್ಕೋಹಾಲ್ ಬ್ರೇಕ್ ಒತ್ತಿ ಹಿಡಿದಿದ್ದಕ್ಕೆ ಮಿದುಳು ಆಕ್ಸಿಲರೇಟರ್ ಜೋರಾಗಿ ತುಳಿಯೋದು ಕಲಿತಿದೆ, ಈಗ ದಿಢೀರ್ ಅಂತ ಬ್ರೇಕ್ ತೆಗೆದ್ರೆ ಗಾಡಿ ಎಲ್ಲಿಗೆ ಹೋಗುತ್ತೆ ಹೇಳಿ? ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ ಹುಳು ಹುಪ್ಪಟೆ ಕಾಣೋದು, ಮನೆಯವರ ಗುರುತೇ ಸಿಗದೆ ಇರೋದು, ಜೀವಾನೇ ಹೋಗಬಹುದು. ರೂಮಲ್ಲಿ ಕೂಡಿ ಹಾಕಿ "ಬಿಡಿಸ್ತೀವಿ" ಅನ್ನೋರಿಗೆ ನಾನು ಕೈ ಮುಗಿದು ಹೇಳೋದು ಇಷ್ಟೇ, ಹಾಗೆ ಮಾಡ್ಬೇಡಿ. ಆಸ್ಪತ್ರೇಲಿ ಬೇರೆ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸ್ತಾರೆ, ಜೊತೆಗೆ ಬಿ1 ವಿಟಮಿನ್ ಕೊಡ್ತಾರೆ. ನಿದ್ದೆ ಮಾತ್ರೆಗೂ ಇದೇ ಮಾತು.

ಹೆರಾಯಿನ್ ಕಥೆ ಉಲ್ಟಾ. ಬಿಡೋವಾಗ ಮೈಕೈ ನೋವು, ವಾಂತಿ ಭೇದಿ, ನಿದ್ದೆ ಇಲ್ಲ, ಸತ್ತೇ ಹೋಗ್ತೀನಿ ಅನ್ನೋ ಹಾಗಿರುತ್ತೆ, ಆದ್ರೆ ಸಾಮಾನ್ಯವಾಗಿ ಸಾಯಲ್ಲ. ಅಪಾಯ ಇರೋದು ಆಮೇಲೆ. ಒಂದು ತಿಂಗಳು ಬಿಟ್ಟಿರ್ತಾನೆ, ಮೈಯಿಗೆ ಮೊದಲಿನ ತಾಳಿಕೆ ಹೋಗಿರುತ್ತೆ, ಒಂದಿನ ಮನಸ್ಸು ಜಾರಿ ಹಳೇ ಡೋಸೇ ತಗೋತಾನೆ, ಉಸಿರು ನಿಂತುಹೋಗುತ್ತೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿ, ತುಟಿ ನೀಲಿಗಟ್ಟಿ, ಗೊರಕೆ ಥರ ಸದ್ದು ಬಂದ್ರೆ ನಿದ್ದೆ ಮಾಡ್ತಿದಾನೆ ಅಂತ ಬಿಡಬೇಡಿ. ಆಂಬುಲೆನ್ಸ್ ಕರೀರಿ, ಅಫೀಮಿನ ಬಳಗದ ಅಮಲು ಇಳಿಸಿ ಉಸಿರು ವಾಪಸ್ ತರೋ ನಾಲೊಕ್ಸೋನ್ ಅನ್ನೋ ಔಷಧಿ ಸಿಕ್ಕಿದ್ರೆ ಕೊಡಿ. ಈ ಚಟದ ಚಿಕಿತ್ಸೆಗೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಅಂತ ಔಷಧಿ ಇದೆ, ಅವೂ ಅಫೀಮಿನ ಬಳಗದವೇ ಆಗಿರೋದ್ರಿಂದ "ಒಂದು ಬಿಟ್ಟು ಇನ್ನೊಂದು ಹಿಡಿದ" ಅಂತ ಆಡಿಕೊಳ್ಳೋರು ಇದ್ದಾರೆ, ಅವರ ಮಾತು ಕೇಳಿ ಮಧ್ಯದಲ್ಲೇ ಬಿಟ್ಟು ಪ್ರಾಣ ಕಳ್ಕೊಂಡೋರೂ ಇದ್ದಾರೆ.

ಕೊಕೇನ್ ಬಿಟ್ಟೋರು ದಿನಗಟ್ಟಲೆ ಮಲಗ್ತಾರೆ, ಎದ್ದ ಮೇಲೆ ಮನಸ್ಸು ಪಾತಾಳಕ್ಕಿಳಿದಿರುತ್ತೆ, ಆಗ ಒಬ್ಬರನ್ನೇ ಬಿಡಬಾರದು.

ಅದಕ್ಕೇ ಡಾಕ್ಟರ್ ಕೇಳೋದು ಏನ್ ತಗೊಂಡೆ, ಎಷ್ಟು, ಕೊನೇ ಸಲ ಯಾವಾಗ ಅಂತ. ಪಕ್ಕದಲ್ಲಿ ಅಪ್ಪ ಅಮ್ಮ ನಿಂತಿದ್ರೆ ಹುಡುಗ ಸುಳ್ಳೇ ಹೇಳೋದು, ಹಾಗಾಗಿ ಆ ಎರಡು ನಿಮಿಷ ನೀವು ಹೊರಗೆ ಹೋಗಿ ನಿಂತ್ಕೊಳ್ಳಿ. ಏನಾದ್ರೂ ಕೇಳೋದಿದ್ರೆ ಈಗ ಕೇಳಬಹುದು.