ಹೆಬ್ಬಾತಿನ ಗರಿ, ಗಿಳಿಯ ಗರಿ

ಸಂಜೆಯ ಆಕಾಶದಲ್ಲಿ ಹಕ್ಕಿಗಳ ಸಾಲು ಕಂಡರೆ ನಮಗೆ ಹೊಟ್ಟೆಕಿಚ್ಚು. ‘ಪುಣ್ಯ ಮಾಡಿದ್ದವು, ಎಲ್ಲಿಗೆ ಬೇಕಾದರೂ ಹೋಗಬಹುದು’ ಎನ್ನುತ್ತೇವೆ. ನನಗೆ ಈ ಮಾತಿನಲ್ಲಿ ನಂಬಿಕೆಯಿಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆಂಪೇಗೌಡರ ಮಾಗಡಿ ಅಲ್ಲ, ಶಿರಹಟ್ಟಿ ತಾಲೂಕಿನದು. 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹೊರಟು ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಅಲ್ಲಿ ನೀರು ಹೆಪ್ಪುಗಟ್ಟಿ ಮೇವು ಹಿಮದಡಿ ಸೇರಿತೆಂದರೆ ಹೊರಡಲೇಬೇಕು. ಇಲ್ಲಿ ಬಿಸಿಲು ಬಲಿಯುವ ಮೊದಲು ಮರಳಲೇಬೇಕು. ಹಿಮಾಲಯದ ಮೇಲೂ ಅವು ಒಂದೇ ಎತ್ತರದಲ್ಲಿ ತೇಲಿ ಬರುವುದಿಲ್ಲ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವುದು ದುಬಾರಿ. ಹಾಗಾಗಿ ಕಣಿವೆ ಬಂದಲ್ಲಿ ಇಳಿದು, ಬೆಟ್ಟ ಎದುರಾದಾಗ ಮತ್ತೆ ಏರಿ, ನೆಲದ ಮಗ್ಗುಲಲ್ಲೇ ಸಾಗುತ್ತವೆ. ತಿಂಗಳ ಕೊನೆಯಲ್ಲಿ ಸಂಬಳ ಎಣಿಸಿ ಖರ್ಚು ಮಾಡುವವರಿಗೆ ಈ ಲೆಕ್ಕಾಚಾರ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಸಂಗತಿಯಿದೆ. ಮರಿಗಳಾದ ಮೇಲೆ ಬೇಸಿಗೆಯಲ್ಲಿ ಈ ಹೆಬ್ಬಾತು ತನ್ನ ಹಾರುವ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತದೆ. ಹೊಸ ಗರಿ ಬಲಿಯುವವರೆಗೆ, ಸುಮಾರು ಒಂದು ತಿಂಗಳು, ಹಾರಲಾರದು. ಹಿಮಾಲಯ ದಾಟುವ ಹಕ್ಕಿ ಕೆರೆಯ ದಂಡೆಯಲ್ಲಿ ನಡೆದಾಡುತ್ತಿರುತ್ತದೆ! ಮಂಗೋಲಿಯಾದಲ್ಲಿ ಸಂಶೋಧಕರು ಹಿಡಿದು ಕೊರಳಿಗೆ ಗುರುತಿನ ಪಟ್ಟಿ ತೊಡಿಸುವುದೂ ಇದೇ ಸಮಯದಲ್ಲಿ. ಅಂಥ ಪಟ್ಟಿ ತೊಟ್ಟ ಹಕ್ಕಿಗಳು ನಮ್ಮ ಕೆರೆಗಳಲ್ಲೂ ಕಂಡಿವೆ.

ಹಾಗಾದರೆ ಹಕ್ಕಿಯೂ ಬಂದಿಯೇ, ಪಂಜರದಲ್ಲಿಟ್ಟರೆ ತಪ್ಪೇನು ಎಂದು ಕೇಳುವವರಿದ್ದಾರೆ. ಇಲ್ಲೇ ನನಗೆ ಸಿಟ್ಟು ಬರುವುದು. ಹೆಬ್ಬಾತಿನ ಗರಿಯನ್ನು ಋತು ಕಿತ್ತುಕೊಳ್ಳುತ್ತದೆ, ಮತ್ತೆ ಋತುವೇ ತಂದುಕೊಡುತ್ತದೆ. ಕತ್ತರಿಗೆ ಆ ಅಭ್ಯಾಸವಿಲ್ಲ. ಪಂಜರದಲ್ಲಿಟ್ಟ ವಲಸೆ ಹಕ್ಕಿಗಳು ಹೊರಡುವ ಕಾಲ ಬಂದಾಗ ರಾತ್ರಿಯಿಡೀ ಚಡಪಡಿಸುತ್ತವೆ, ತಾವು ಹೋಗಬೇಕಾದ ದಿಕ್ಕಿನತ್ತಲೇ ಕುಪ್ಪಳಿಸುತ್ತವೆ. ಆಕಾಶ ಕಾಣದಿದ್ದರೂ ಮೈಯೊಳಗಿನ ಕರೆ ನಿಲ್ಲುವುದಿಲ್ಲ.

ಗಿಳಿ ವಲಸೆ ಹಕ್ಕಿಯಲ್ಲ, ನಿಜ. ಆದರೆ ಅದು ಗುಂಪಿನ ಹಕ್ಕಿ. ಸಂಜೆಯಾದರೆ ನೂರಾರು ಒಂದೇ ಮರಕ್ಕೆ ಸೇರುತ್ತವೆ. ನಮ್ಮ ಕೊರಳಪಟ್ಟಿಯ ಹಸಿರು ಗಿಳಿಯನ್ನು ಹಿಡಿದು ಸಾಕುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಆದರೂ ಎಷ್ಟೋ ಮನೆಯ ಜಗಲಿಯಲ್ಲಿ ಪಂಜರ ತೂಗುತ್ತದೆ, ಎಲ್ಲರ ಕಣ್ಣೆದುರೇ.

ನಮ್ಮ ಸಂಬಂಧಿಕರ ಮನೆಯಲ್ಲೂ ಒಂದಿತ್ತು. ಕತ್ತರಿಸಿದ ಗರಿ ಉದುರಿ ಹೊಸದು ಬರುತ್ತದಲ್ಲ, ಆಗೆಲ್ಲ ಮಾವ ಅದರ ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಕತ್ತರಿ ತರಿಸುತ್ತಿದ್ದರು. ಹಗಲು ಪಂಜರದ ಬಾಗಿಲು ತೆರೆದೇ ಇರುತ್ತಿತ್ತು. ಗಿಳಿ ಇಳಿದು ಬಂದು ಅಂಗಳವೆಲ್ಲ ನಡೆದಾಡಿ, ಸಂಜೆ ತಾನೇ ಹತ್ತಿ ಒಳಗೆ ಕೂರುತ್ತಿತ್ತು. ಬಂದ ನೆಂಟರಿಗೆ ಅತ್ತೆ ಹೆಮ್ಮೆಯಿಂದ ತೋರಿಸುತ್ತಿದ್ದರು: ‘ನೋಡಿ, ಬಾಗಿಲು ತೆಗೆದಿದ್ದರೂ ನಮ್ಮನ್ನು ಬಿಟ್ಟು ಹೋಗುವುದೇ ಇಲ್ಲ.’