ಮೆಂತ್ಯದ ಕಹಿ, ಕಾಮಣಿಯ ಔಷಧ

ಕೇಳುಗರಿಗೆ ನಮಸ್ಕಾರ.

ನಿನ್ನೆ ಸಂಜೆ ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ ಎರಡು ಕಟ್ಟು ಮೆಂತ್ಯ ಕೊಂಡೆ. ಎಲೆ ಬಿಡಿಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಶೇಂಗಾ ಚಟ್ನಿ ಉದುರಿಸಿ, ಒಂದು ಚಮಚ ಹಸಿ ಎಣ್ಣೆ ಬಿಟ್ಟು ಕಲಸಿದೆ. ಜೊತೆಗೆ ಬಿಸಿ ಜೋಳದ ರೊಟ್ಟಿ. ಮೊದಲ ತುತ್ತಿಗೆ ಸಣ್ಣಗೆ ಕಹಿ, ಆಮೇಲೆ ಬಾಯಿ ತುಂಬ ನೀರು.

ಈ ನೀರೂರುವುದಿದೆಯಲ್ಲ, ಅದು ಸುಮ್ನೆ ಅಲ್ಲ. ಕಹಿಯನ್ನು ಹಿಡಿಯುವ ಗ್ರಾಹಕಗಳು, ಅಂದರೆ ರುಚಿ ಗುರುತಿಸುವ ರಿಸೆಪ್ಟರ್‌ಗಳು, ನಮ್ಮಲ್ಲಿ ಸುಮಾರು 25 ಬಗೆಯವಿವೆ. ಸಿಹಿಗೆ ಅಷ್ಟಿಲ್ಲ. ಗಿಡಗಳ ವಿಷ ಹೆಚ್ಚಾಗಿ ಕಹಿಯಾಗಿರುತ್ತದೆ, ಅದಕ್ಕೇ ಇಷ್ಟು ಕಾವಲು. ಹೊಟ್ಟೆ, ಕರುಳಿನಲ್ಲೂ ಇಂಥವು ಇವೆ. ಇನ್ನು ಲಿವರ್. ದಿನಕ್ಕೆ ಹೆಚ್ಚುಕಡಿಮೆ ಮುಕ್ಕಾಲರಿಂದ ಒಂದು ಲೀಟರ್ ಪಿತ್ತರಸ ಮಾಡುತ್ತದೆ. ಜಿಡ್ಡಿನ ಪಾತ್ರೆಗೆ ಸೋಪು ಹೇಗೋ, ತಿಂದ ಎಣ್ಣೆಗೆ ಈ ರಸ ಹಾಗೆ. ಆದರೆ ಪಿತ್ತಕೋಶದಿಂದ ಅದನ್ನು ಹೊರಗೆ ಕರೆಯುವುದು ಕಹಿಗಿಂತ ಜಾಸ್ತಿ ಆ ಒಂದು ಚಮಚ ಎಣ್ಣೆಯೇ. ಪೂರ್ತಿ ಕೀರ್ತಿ ಮೆಂತ್ಯಕ್ಕೆ ಕೊಡಬೇಡಿ.

ನಮ್ಮ ಕಡೆ ಕಾಮಣಿ, ಅಂದರೆ ಕಣ್ಣು ಹಳದಿಯಾಗುವ ಜಾಂಡೀಸ್, ಅಂದ ಕೂಡಲೇ ನೆಲನೆಲ್ಲಿ ಸೊಪ್ಪು ಹುಡುಕುತ್ತಾರೆ. ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾರೆ. ಎಷ್ಟೋ ಜನಕ್ಕೆ ವಾಸಿಯೂ ಆಗುತ್ತದೆ. ಯಾಕೆ ಗೊತ್ತಾ? ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಅನ್ನೋ ಲಿವರ್ ಸೋಂಕು ಬಹುಪಾಲು ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. 1988ರಲ್ಲಿ ಮದ್ರಾಸಿನ ಒಂದು ಅಧ್ಯಯನ, ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವೈರಸ್ ಹೋಗಬಹುದು ಅಂತ ಆಸೆ ಹುಟ್ಟಿಸಿತ್ತು. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಕಾಣಲಿಲ್ಲ.

ನಮ್ಮ ಕಾಕಾ ಹಾವೇರಿ ಕಡೆ ಹಳ್ಳಿಯವರು. ಕಣ್ಣು ಹಳದಿಯಾದಾಗ ಒಂಬತ್ತು ದಿನ ಬರಿಹೊಟ್ಟೆಗೆ ಸೊಪ್ಪಿನ ರಸ ಕುಡಿದರು. ಪಥ್ಯ ಅಂತ ಬರೀ ಮಜ್ಜಿಗೆ ಅನ್ನ. ಮೈಯೆಲ್ಲ ತುರಿಕೆ. ಮಲ ಸುಣ್ಣದಂತೆ ಬೆಳ್ಳಗೆ, ಮೂತ್ರ ಕಡು ಚಹಾದ ಬಣ್ಣ. ಕೊನೆಗೆ ಸ್ಕ್ಯಾನ್ ಮಾಡಿಸಿದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಕೊಳವೆಯೇ ಕಟ್ಟಿದ ಮೇಲೆ ಎಷ್ಟು ಕಹಿ ಕುಡಿದರೇನು ಬಂತು, ಅಲ್ವಾ?

ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. ಅದನ್ನು ಕುಡಿದ ಕೆಲವರ ಲಿವರ್‌ಗೇ ಪೆಟ್ಟಾಗಿದೆ ಅಂತ 2021ರಲ್ಲಿ ಮುಂಬೈ ವೈದ್ಯರು ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ನನಗನಿಸುವುದು ಇಷ್ಟೇ: ತಟ್ಟೆಯಲ್ಲಿರುವ ಕಹಿ ಬೇರೆ, ತಿಂಗಳುಗಟ್ಟಲೆ ಲೋಟದಲ್ಲಿ ಕುಡಿಯುವ ಕಹಿ ಬೇರೆ.

ಕಾಕಾ ಈಗಲೂ ಹಸಿ ಮೆಂತ್ಯ ಬಿಟ್ಟಿಲ್ಲ. ಹೋದ ತಿಂಗಳು ಪಕ್ಕದ ಮನೆ ಹುಡುಗನ ಕಣ್ಣು ಹಳದಿ ಕಂಡಾಗ ಮಾತ್ರ ಸೊಪ್ಪು ಕೀಳಲು ಹೋಗಲಿಲ್ಲ. ರಕ್ತ ಪರೀಕ್ಷೆಗೆ ಅಂತ ತಾವೇ ಅವನನ್ನು ಕರೆದುಕೊಂಡು ಬಸ್ ಹತ್ತಿದರು.

ನಮಸ್ಕಾರ.