ಹನ್ನೊಂದನೇ ನಂಬರಿನ ಅಂಗಿ

ಕೇಳುಗರಿಗೆ ನಮಸ್ಕಾರ.

1995ರ ಜೂನ್ 18. ದಕ್ಷಿಣ ಆಫ್ರಿಕದ ಕೇಪ್‌ಟೌನ್. ರಗ್ಬಿ ವಿಶ್ವಕಪ್ಪಿನ ಸೆಮಿಫೈನಲ್. ನ್ಯೂಜಿಲೆಂಡ್ ಎದುರು ಇಂಗ್ಲೆಂಡ್. ಆಟ ಆಗಷ್ಟೇ ಶುರುವಾಗಿತ್ತು. ಎಡ ಅಂಚಿನಲ್ಲಿದ್ದ ಹನ್ನೊಂದನೇ ನಂಬರಿನ ಹುಡುಗನತ್ತ ಬಂದ ಪಾಸು ಅವನನ್ನು ದಾಟಿ ಹಿಂದೆ ಬಿತ್ತು. ಅವನು ತಿರುಗಿ ಚೆಂಡು ಎತ್ತಿಕೊಂಡ. ಎದುರಾದ ಇಂಗ್ಲೆಂಡಿನ ಟೋನಿ ಅಂಡರ್‌ವುಡ್‌ನನ್ನು ಬಳಸಿ ಓಡಿದ. ನಾಯಕ ವಿಲ್ ಕಾರ್ಲಿಂಗ್ ಹಿಂದಿನಿಂದ ಕಾಲಿಗೆ ಕೈ ಹಾಕಿದ. ಹುಡುಗ ಮುಗ್ಗರಿಸಿದ, ಬೀಳಲಿಲ್ಲ. ಇನ್ನು ಉಳಿದವನು ಮೈಕ್ ಕ್ಯಾಟ್ ಒಬ್ಬನೇ. ಅವನನ್ನು ತಪ್ಪಿಸಿ ಹೋಗಲು ದಾರಿ ಹುಡುಕಲೇ ಇಲ್ಲ. ಅವನನ್ನು ಕೆಡವಿ, ಅವನ ಮೇಲೆಯೇ ಹಾದು ಗೆರೆಯಾಚೆ ಚೆಂಡು ಊರಿದ. ಹೀಗೆ ಗೆರೆಯಾಚೆ ಚೆಂಡು ಊರಿ ಅಂಕ ಗಳಿಸುವುದಕ್ಕೆ ಟ್ರೈ ಎನ್ನುತ್ತಾರೆ. ಆ ಮಧ್ಯಾಹ್ನ ಅವನು ಗಳಿಸಿದ ಟ್ರೈಗಳು ನಾಲ್ಕು. ನ್ಯೂಜಿಲೆಂಡ್ 45, ಇಂಗ್ಲೆಂಡ್ 29.

ಆ ಹುಡುಗ ಜೋನಾ ಲೋಮು. ಆಗ ಅವನಿಗೆ 20 ವರ್ಷ. ಆರಡಿ ಐದಂಗುಲ ಎತ್ತರ, 120 ಕಿಲೋ ಆಸುಪಾಸಿನ ತೂಕ. ರಗ್ಬಿಯಲ್ಲಿ ಅಂಥ ಮೈಕಟ್ಟಿನವರು ನಡುವೆ ನಿಂತು ತಳ್ಳಾಡುತ್ತಾರೆ. ಅಂಚಿನ ಓಟ ಹಗುರ ಮೈಯವರದು. ಲೋಮುವಿಗೆ ಆ ಭಾರವೂ ಇತ್ತು, ಈ ವೇಗವೂ ಇತ್ತು.

ಹುಟ್ಟಿದ್ದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಪೆಸಿಫಿಕ್‌ನ ದ್ವೀಪದೇಶ ಟೋಂಗಾ ಮೂಲದ ಮನೆಯಲ್ಲಿ. ಎಳವೆಯ ಕೆಲವು ವರ್ಷ ಟೋಂಗಾದಲ್ಲೇ ಬೆಳೆದ. ಮುಂದೆ ವೆಸ್ಲಿ ಕಾಲೇಜು ಎಂಬ ವಸತಿ ಶಾಲೆ ಸೇರಿದ. 1994ರಲ್ಲಿ, 19 ವರ್ಷ 45 ದಿನಕ್ಕೆ, ನ್ಯೂಜಿಲೆಂಡಿನ ಅತಿ ಕಿರಿಯ ಟೆಸ್ಟ್ ಆಟಗಾರನಾದ. ರಗ್ಬಿಯಲ್ಲಿ ಟೆಸ್ಟ್ ಎಂದರೆ ದೇಶ ದೇಶಗಳ ನಡುವಿನ ಪಂದ್ಯ.

ನನ್ನನ್ನು ಇವತ್ತಿಗೂ ಕಾಡುವುದು ಮುಂದಿನ ಸಂಗತಿ. ಆ ನಾಲ್ಕು ಟ್ರೈಗಳ ವರ್ಷ ಮುಗಿಯುವ ಹೊತ್ತಿಗೆ ವೈದ್ಯರು ಅವನಿಗೆ ನೆಫ್ರೋಟಿಕ್ ಸಿಂಡ್ರೋಮ್ ಇದೆ ಎಂದರು. ಈ ಕಾಯಿಲೆಯಲ್ಲಿ ರಕ್ತ ಸೋಸುವ ಮೂತ್ರಪಿಂಡದ ಜರಡಿ ಸಡಿಲವಾಗಿ, ಮೈಗೆ ಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಮೈ ಊದಿಕೊಳ್ಳುತ್ತದೆ, ಸುಸ್ತು ಬಿಡುವುದಿಲ್ಲ. ಇಂಥ ಮೈಯನ್ನು ಹೊತ್ತೇ ಅವನು 1998ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದ, 1999ರ ವಿಶ್ವಕಪ್ಪಿನಲ್ಲಿ ಎಂಟು ಟ್ರೈ ಗಳಿಸಿದ. ಒಟ್ಟು 63 ಟೆಸ್ಟ್, 37 ಟ್ರೈ. ದಕ್ಷಿಣ ಆಫ್ರಿಕದ ಎದುರು ಮಾತ್ರ ಒಂದೂ ದಕ್ಕಲಿಲ್ಲ. ಮೈಕ್ ಕ್ಯಾಟ್‌ನ ಮೇಲೆ ಹಾದುಹೋದ ಆರೇ ದಿನಕ್ಕೆ, ಫೈನಲ್‌ನಲ್ಲಿ, ಆ ತಂಡ ಅವನನ್ನು ಕಟ್ಟಿಹಾಕಿ ಕಪ್ಪು ಎತ್ತಿಕೊಂಡಿತ್ತು.

2003ರಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಪಾದದ ನರಗಳು ಸೋತವು. ಬೇಗ ಕಸಿ ಮಾಡದಿದ್ದರೆ ಗಾಲಿಕುರ್ಚಿಯೇ ಗತಿ ಎಂದರು ವೈದ್ಯರು. 2004ರ ಜುಲೈನಲ್ಲಿ ವೆಲಿಂಗ್ಟನ್‌ನ ಗ್ರಾಂಟ್ ಕೆರೇಮಾ ತನ್ನದೊಂದು ಮೂತ್ರಪಿಂಡ ಕೊಟ್ಟ. ಅವನು ರೇಡಿಯೊ ನಿರೂಪಕ. ಮೈಕಿನ ಮುಂದೆ ಕೂತು ಈ ಹೆಸರು ಹೇಳುವಾಗ ನನ್ನ ಎದೆ ತುಂಬಿ ಬರುತ್ತದೆ.

ಬೇರೆ ಯಾರಾದರೂ ಬದುಕಿದ್ದೇ ಸಾಕೆನ್ನುತ್ತಿದ್ದರು. ಲೋಮು ಮತ್ತೆ ಬೂಟು ಕಟ್ಟಿದ. 2005ರ ಡಿಸೆಂಬರಿನಲ್ಲಿ ವೇಲ್ಸ್‌ನ ಕಾರ್ಡಿಫ್ ತಂಡದ ಪರ ಕಣಕ್ಕಿಳಿದ. ಹಳೆಯ ಓಟ ಮರಳಲಿಲ್ಲ, ನಿಜ. ನೆಟ್ಟಗೆ ನಡೆಯುವುದೇ ಕಷ್ಟವಾಗಿದ್ದ ಆ ಕಾಲುಗಳು ಮತ್ತೆ ಟೆಸ್ಟ್ ಆಟಗಾರರ ನಡುವೆ ಓಡಿದವಲ್ಲ!

2011ರಲ್ಲಿ ದಾನದ ಮೂತ್ರಪಿಂಡವೂ ಕೈಕೊಟ್ಟಿತು. ಮತ್ತೆ ಡಯಾಲಿಸಿಸ್. ಅಷ್ಟರಲ್ಲಿ ಅವನು ಇಬ್ಬರು ಗಂಡುಮಕ್ಕಳ ತಂದೆ. ಮಕ್ಕಳ ಇಪ್ಪತ್ತೊಂದನೇ ಹುಟ್ಟುಹಬ್ಬ ನೋಡುವಷ್ಟು ದಿನ ಇದ್ದರೆ ಸಾಕು ಎಂಬುದೊಂದೇ ಅವನ ಆಸೆ. 2015ರ ವಿಶ್ವಕಪ್ಪಿಗೆಂದು ಇಂಗ್ಲೆಂಡಿಗೆ ಹೋದವನು, ಮನೆಯವರೊಡನೆ ಆಕ್ಲೆಂಡಿಗೆ ಮರಳಿದ. ಊರು ಮುಟ್ಟಿದ ಬೆನ್ನಿಗೇ, ನವೆಂಬರ್ 18ರಂದು, ತೀರಿಕೊಂಡ. ವಯಸ್ಸು 40. ದೊಡ್ಡ ಮಗನಿಗೆ ಆಗ ಆರು ವರ್ಷ, ಚಿಕ್ಕವನಿಗೆ ಐದು.